ನೂರಾ ಇಪ್ಪತ್ತೇಳು ಹಲ್ಲಿನ ಗೇರು

ಈ ಒಂದು ಗೇರಿಗೆ ನನಗೆ ಬಿದ್ದ ಖರ್ಚು ಹೀಗಿದೆ: ಹತ್ತೊಂಬತ್ತು ದಿನ, ಗೇರು ಕೊರೆಯಲು ಬೀಡುಕಬ್ಬಿಣದ ಎರಡು ದುಂಡು ಬಿಲ್ಲೆ, ಒಂದು ಹೊಸ ಸ್ಟೀಲ್ ಟೇಪು, ಹಳೆಯ ಸ್ವಿಚ್‌ಬೋರ್ಡಿನ ದಪ್ಪ ಬೇಕಲೈಟ್ ಹಲಗೆ ಒಂದು, ಮತ್ತು ಕೆಟ್ಟುಹೋದ ಐದೂವರೆ ಅಡಿಯ ಒಂದು ಸ್ಕ್ರೂ. ಇಷ್ಟೆಲ್ಲ ಯಾಕೆ ಬಿತ್ತೆಂದರೆ, ಆ ಗೇರು ಇಲ್ಲ ಎಂಬ ಕಾರಣ ಮುಂದೆ ಮಾಡಿಯೇ ನಾನು ಲೇಥಿನ ಬೆಲೆ ಇಳಿಸಿಕೊಂಡಿದ್ದೆ. ಇಳಿಸಿಕೊಂಡ ದಿನ ಗೆದ್ದೆ ಅಂದುಕೊಂಡಿದ್ದೆ.

ಲೇಥು ಬಬಲೇಶ್ವರದಲ್ಲಿ ಮುಚ್ಚಿಹೋಗಿದ್ದ ಒಂದು ಪಂಪ್ ರಿಪೇರಿ ವರ್ಕ್‌ಶಾಪಿನದು. ಕಬ್ಬಿಣ ತಿರುಗಿಸಿ ಹೆರೆಯುವ ಹಳೆಯ ಇಂಗ್ಲಿಷ್ ಮಷಿನ್ನು, ಕೆಲಸ ಕೂರುವ ಬೆಡ್ಡು ಎಂಟು ಅಡಿ, ಎಲ್ಲ ಅಳತೆಯೂ ಇಂಚಿನಲ್ಲಿ. ಸ್ಕ್ರೂವಿನ ಸುತ್ತುಗೆರೆ, ಅಂದರೆ ಥ್ರೆಡ್, ಎಷ್ಟು ಅಂತರಕ್ಕೆ ಬೇಕೋ ಅದರಂತೆ ಅದರ ಪಕ್ಕಕ್ಕೆ ಗೇರು ಬದಲಿಸಿ ಹಾಕಬೇಕು. ಆ ಗೇರುಗಳನ್ನು ಗೋಡೆಯ ಗೂಟಗಳಿಗೆ ಸಾಲಾಗಿ ತೂಗುಹಾಕಿದ್ದರು. ಇಪ್ಪತ್ತು ಹಲ್ಲಿನದು, ಇಪ್ಪತ್ತೈದರದು, ಹೀಗೆ ಐದೈದು ಏರುತ್ತ ನೂರಾ ಇಪ್ಪತ್ತರತನಕ. ಕೊನೆಯ ಗೂಟ ಖಾಲಿ.

"ಇಲ್ಲಿದ್ದದ್ದು ಎಲ್ಲಿ ಹೋತ್ರಿ?" ಎಂದೆ.

"ಅದೊಂದು ಬ್ಯಾರೆನ ಅಂಕಿದು ಇತ್ತು. ನೂರಾ ಇಪ್ಪತ್ತೇಳು. ಯಾರ ಒಯ್ದಾರೋ ಏನೋ," ಎಂದರು ಮಾಲೀಕರು.

"ಹಂಗಾದ್ರ ಸೆಟ್ ಪೂರ್ತಿ ಇಲ್ಲ. ಪೂರ್ತಿ ಇಲ್ಲದ್ದಕ್ಕ ಪೂರ್ತಿ ರೇಟ ಹ್ಯಾಂಗ ಕೊಡಲಿ?"

ಮೂರು ತಾಸು ಜಗ್ಗಾಡಿದೆ. ಮಾಲೀಕರು ಸೋತರು. ಲಾರಿಗೆ ಹೇರುವಾಗ ಮಾತ್ರ ಒಂದು ಮಾತು ಹೇಳಿದರು: "ಬೇಕಂದಾಗ ಅದು ಸಿಗೂದಿಲ್ಲ ನೋಡು ತಮ್ಮಾ." ಮಾರುವವರು ಕೊನೆಗೆ ಇಂಥದ್ದೊಂದು ಹೇಳಿಯೇ ಹೇಳುತ್ತಾರೆ ಎಂದು ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ವಿಜಯಪುರದ ಶೆಡ್ಡಿನಲ್ಲಿ ಲೇಥು ಕೂರಿಸಿ ಎಂಟು ತಿಂಗಳು ಇಂಚಿನ ಕೆಲಸವೇ ಬಂತು. ಟ್ರ್ಯಾಕ್ಟರಿನ ಪಿನ್ನು, ಬೋರಿನ ಪೈಪಿನ ಜೋಡು, ಬುಶ್ಶು. ಆಮೇಲೆ ಜನವರಿಯಲ್ಲಿ ತಿಕೋಟಾದಿಂದ ಒಬ್ಬ ಹೆಣ್ಣುಮಗಳು ಟೆಂಪೋದಲ್ಲಿ ಒಂದು ಬಾಗಿದ ಸ್ಕ್ರೂ ಹಾಕಿಕೊಂಡು ಬಂದರು. ನಲವತ್ತರ ಆಸುಪಾಸು, ಮಾತು ಕಡಿಮೆ. ಒಣದ್ರಾಕ್ಷಿ ತೊಳೆದು, ಗಾತ್ರ ನೋಡಿ ಬೇರ್ಪಡಿಸುವ ಶೆಡ್ಡು ಹೊಸದಾಗಿ ಹಾಕಿದ್ದರು. ಅದೇ ಅವರ ಮೊದಲ ಹಂಗಾಮು.

ಅವರ ಮಷಿನ್ನಿನ ಬಾಯಿ ಆಳಿಗಿಂತ ಎತ್ತರದಲ್ಲಿತ್ತು. ಕ್ರೇಟುಗಳನ್ನು ಅಲ್ಲಿಗೆ ಏರಿಸಲು ಒಂದು ಲಿಫ್ಟು. ನಾಲ್ಕು ಮೂಲೆಗೆ ನಾಲ್ಕು ಉದ್ದ ಸ್ಕ್ರೂ, ನಡುವೆ ಕಬ್ಬಿಣದ ಹಲಗೆ, ನಾಲ್ಕನ್ನೂ ಒಂದೇ ಚೈನು ತಿರುಗಿಸುತ್ತದೆ. ಸ್ಕ್ರೂ ತಿರುಗಿದಂತೆ ಅದರ ಮೇಲಿನ ನಟ್ಟು ಹಲಗೆಯನ್ನು ಮೇಲೇರಿಸುತ್ತದೆ. ಟ್ರಾಲಿ ಹಿಂದಕ್ಕೆ ತೆಗೆಯುವಾಗ ಬಡಿದು ಒಂದು ಸ್ಕ್ರೂ ಬಾಗಿತ್ತು. ಮಷಿನ್ನು ಎರಡನೇ ಕೈಯದು. ಮಾಡಿದ ಕಂಪನಿ ಈಗ ಇಲ್ಲ.

"ಅಕ್ಕಾರ, ಲಿಫ್ಟ್ ಇಲ್ದನೂ ನಡೀತದಲ್ಲರಿ, ನಿಚ್ಚಣಿಕಿ ಹಚ್ಚಿ?" ಎಂದೆ. ಗಿರಾಕಿಗೆ ಎಷ್ಟು ಅವಸರವಿದೆ ಎಂದು ತಿಳಿದುಕೊಂಡರೆ ರೇಟು ಹೇಳಲು ಅನುಕೂಲ.

"ನಿಚ್ಚಣಿಕಿ ಹಚ್ಚೂದಾದ್ರ ಶೆಡ್ಡ ತೆರೆಯಂಗಿಲ್ಲ ನಾ," ಎಂದರು. "ಹೋದ ವರ್ಷ ಇನ್ನೊಬ್ಬರ ಶೆಡ್ಡಿನಾಗ ಎಲ್ಲಾರೂ ಕೂಡಿ ದುಡಿತಿದ್ವಿ. ನಮ್ಮ ಜೋಡಿ ಇದ್ದ ಒಬ್ಬಾಕಿ ಕ್ರೇಟ್ ಹೊತ್ತು ಮ್ಯಾಲಿಂದ ಬಿದ್ಲು. ಟೊಂಕದ ಎಲುಬು ಮುರೀತು. ಈಗ ಎಂಟು ಮಂದಿ ನನ್ನ ಕೂಡ ಬರ್ತೇವಿ ಅಂದಾರ, ಅವರಾಗ ಆಕಿನೂ ಅದಾಳ. ಲಿಫ್ಟ್ ಐತಿ ಅಂತ ಹೇಳಿ ಕರದೇನಿ."

ಆ ಮೇಲೆ ಚೌಕಾಸಿಗೆ ಬಾಯಿ ಬರಲಿಲ್ಲ. ಇಂಥ ಮೆಟ್ರಿಕ್, ಅಂದರೆ ಮಿಲಿಮೀಟರಿನ, ಥ್ರೆಡ್ ಹೊಡೆಯುವ ಲೇಥುಗಳು ಊರಲ್ಲಿದ್ದವು. ಐದೂವರೆ ಅಡಿ ಹಿಡಿಯುವಂಥದ್ದು ಇದ್ದದ್ದು ಒಂದೇ, ಅದು ಸಕ್ಕರೆ ಕಾರ್ಖಾನೆಯ ಕೆಲಸಕ್ಕೆ ಸಿಕ್ಕಿಕೊಂಡಿತ್ತು. ಉದ್ದದ ಬೆಡ್ಡು ನನ್ನದು. "ಮಾಡಿಕೊಡ್ತೀನಿ" ಎಂದು ಮಾತು ಕೊಟ್ಟೆ. ದ್ರಾಕ್ಷಿ ಒಣಗಿ ಮೊದಲ ಮಾಲು ಬರಲು ಇನ್ನೂ ನಾಲ್ಕು ವಾರವಿತ್ತು.

ಹಳೆಯ ಸ್ಕ್ರೂ ಅಳೆದೆ. ಒಂದು ಸುತ್ತಿಗೆ ಐದು ಮಿಲಿಮೀಟರು ಏರುತ್ತದೆ. ನನ್ನ ಲೇಥಿಗೆ ಇಂಚು ಬಿಟ್ಟು ಬೇರೆ ಭಾಷೆ ಬಾರದು. ಇಂಚಿಗೆ ಐದು ಥ್ರೆಡ್ ಹೊಡೆದರೆ ಒಂದು ಸುತ್ತಿಗೆ ಐದು ಮಿಲಿಮೀಟರು, ಮೇಲೆ ಮಿಲಿಮೀಟರಿನ ನೂರರಲ್ಲಿ ಎಂಟು ಪಾಲು. ಅಷ್ಟೆಂದರೆ ಒಂದು ಕೂದಲೆಳೆ. ಸಂತೆಯಲ್ಲಿ ಇಷ್ಟನ್ನು ಯಾರೂ ತೂಗುವುದಿಲ್ಲ. ನಟ್ಟನ್ನೂ ನಾನೇ ಹೊಸದಾಗಿ ಅದೇ ಅಳತೆಗೆ ಮಾಡಿದೆ. ಸ್ಕ್ರೂ ಮೇಲೆ ನಟ್ಟು ಬೆಣ್ಣೆಯ ಮೇಲೆ ಸರಿದಂತೆ ಸರಿಯಿತು. ಖುಷಿಯಿಂದ ತಿಕೋಟಾಕ್ಕೆ ಒಯ್ದು ಕೂರಿಸಿದೆ.

ಎಂಟು ಹೆಣ್ಣುಮಕ್ಕಳು ಬಂದು ನಿಂತಿದ್ದರು. ಅವರಲ್ಲಿ ಟೊಂಕ ಮುರಿದುಕೊಂಡಿದ್ದಾಕೆ ಒಂದು ಡಬ್ಬದ ಮೇಲೆ ಕುಳಿತಿದ್ದಳು. ಹಲಗೆಯ ಮೇಲೆ ಖಾಲಿ ಕ್ರೇಟು ಪೇರಿಸಿ ಸ್ವಿಚ್ ಹಾಕಿದೆವು. ಮೊದಲ ಗೇಣು ಚೆನ್ನಾಗಿ ಏರಿತು. ಮೊಣಕಾಲೆತ್ತರಕ್ಕೆ ಬಂದಾಗ ಕಿರ್ ಎಂದಿತು. ಸೊಂಟದೆತ್ತರಕ್ಕೆ ಬರುವಷ್ಟರಲ್ಲಿ ನನ್ನ ಮೂಲೆ ಉಳಿದ ಮೂರಕ್ಕಿಂತ ಅರ್ಧ ಇಂಚು ಮೇಲಿತ್ತು. ಹಲಗೆ ವಾರೆಯಾಗಿ ಸಿಕ್ಕಿಕೊಂಡಿತು, ಚೈನಿನ ಒಂದು ಕೊಂಡಿ ಹಾರಿ ಗೋಡೆಗೆ ಬಡಿಯಿತು.

ಡಬ್ಬದ ಮೇಲೆ ಕುಳಿತಿದ್ದಾಕೆ ಹೇಳಿದಳು: "ಮಿಸ್ತ್ರಿ, ನಿನ್ನ ಸ್ಕ್ರೂ ಭಾಳ ಹುಶಾರಿ ಐತಿ. ಉಳಿದ ಮೂರೂ ನಡ್ಕೋತ ಹೊಂಟಾವು, ಇದು ಬಸ್ ಹತ್ತೇತಿ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಒಳಗೆ ಲೆಕ್ಕ ಹಾಕಿದೆ: ಒಂದು ಸುತ್ತಿಗೆ ಕೂದಲೆಳೆ, ಇನ್ನೂರು ಸುತ್ತಿಗೆ ಇನ್ನೂರು ಕೂದಲೆಳೆ. ಸಂತೆಯ ಲೆಕ್ಕ ಒಂದು ಸಲಕ್ಕೆ ಮುಗಿಯುತ್ತದೆ. ಸ್ಕ್ರೂ ಪ್ರತಿ ಸುತ್ತಿಗೂ ಅದೇ ತಪ್ಪನ್ನು ಮತ್ತೆ ಮಾಡುತ್ತದೆ.

"ಅಕ್ಕಾರ, ಹಿಂಗ ಮಾಡೂನು. ಉಳಿದ ಮೂರೂ ತಗದು ನಾಲ್ಕೂ ಹೊಸಾವ ಹಾಕೂನು. ನಾಲ್ಕೂ ಒಂದ ತೆರನ ಇದ್ರ ವಾರಿ ಆಗಂಗಿಲ್ಲ."

ಅವರು ಮೂರು ಸ್ಕ್ರೂಗಳನ್ನೂ ಒಮ್ಮೆ ನೋಡಿದರು. "ಚೊಲೊ ಇದ್ದದ್ದನ್ನ ಯಾಕ ಕೀಳಬೇಕ್ರಿ? ಕೆಟ್ಟಿದ್ದು ಒಂದ. ನಿಮ್ಮ ಕಡೆ ಆಗಂಗಿಲ್ಲ ಅಂದ್ರ ಈಗ ಹೇಳ್ರಿ, ಬೈಯಂಗಿಲ್ಲ. ಆಗ್ತದ ಅಂದ್ರ ಇನ್ನ ಮೂರು ವಾರ ಐತಿ."

ಬೈದಿದ್ದರೆ ಬಿಟ್ಟು ಬರುತ್ತಿದ್ದೆನೇನೋ. "ಆಗ್ತದರಿ" ಎಂದು ಬಂದೆ.

ಆಗಬೇಕೆಂದರೆ ಬಬಲೇಶ್ವರದ ಆ ಖಾಲಿ ಗೂಟದ ಗೇರೇ ಬೇಕಿತ್ತು. ಇದರ ಲೆಕ್ಕ ಸರಳ. ಒಂದು ಇಂಚಿಗೆ ಇಪ್ಪತ್ತೈದು ದಶಾಂಶ ನಾಲ್ಕು ಮಿಲಿಮೀಟರು. ದಶಾಂಶ ಹೋಗಬೇಕೆಂದರೆ ಐದರಿಂದ ಗುಣಿಸಬೇಕು. ಐದು ಇಂಚಿಗೆ ಸರಿಯಾಗಿ ನೂರಾ ಇಪ್ಪತ್ತೇಳು ಮಿಲಿಮೀಟರು. ಟೂಲು ಸರಿಸುವ ನನ್ನ ಲೇಥಿನ ಸ್ಕ್ರೂ ಇಂಚಿಗೆ ನಾಲ್ಕು ಥ್ರೆಡ್ಡಿನದು, ಅದಕ್ಕೆ ಒಂದು ಕಡೆ ನೂರು ಹಲ್ಲು, ಇನ್ನೊಂದು ಕಡೆ ನೂರಾ ಇಪ್ಪತ್ತೇಳು ಹಾಕಿದರೆ ಇಂಚಿನ ಲೇಥು ಒಂದು ಕೂದಲೂ ತಪ್ಪದೆ ಐದು ಮಿಲಿಮೀಟರು ಹೊಡೆಯುತ್ತದೆ.

ಬೆಳಗಾವಿಗೆ, ಕೊಲ್ಹಾಪುರಕ್ಕೆ ಫೋನು ಮಾಡಿದೆ. "ನೂರಿಪ್ಪತ್ತು ಕೇಳ್ರಿ, ನಾಳೆ ಕೊಡ್ತೀನಿ. ನೂರಾ ಇಪ್ಪತ್ತೇಳು ಅಂದ್ರ ತಿಂಗಳ ಮ್ಯಾಲಾಗ್ತದ," ಎಂದ ಒಬ್ಬ. ಇನ್ನೊಬ್ಬ ಅಂಕಿ ಕೇಳಿ ಫೋನೇ ಇಟ್ಟ. ಏಳು ಹಲ್ಲು ಹೆಚ್ಚಾದರೆ ಇಷ್ಟು ತಕರಾರು ಯಾಕೆ? ಕೂಡಿಸಿ ಕಳೆದು ಬೇರೆ ಗೇರುಗಳಿಂದ ಹೊಂದಿಸಲು ಎರಡು ದಿನ ಕಾಗದ ಹಾಳು ಮಾಡಿದೆ. ನೂರಾ ಇಪ್ಪತ್ತರ ಗೇರು ಇಲ್ಲದಿದ್ದರೆ ನಲವತ್ತರದಕ್ಕೆ ಇನ್ನೊಂದು ಜೋಡಿ ಸೇರಿಸಿ ಮೂರು ಪಟ್ಟು ಮಾಡಬಹುದು. ಇದಕ್ಕೆ ಯಾವ ಜೋಡಿಯೂ ಹತ್ತಲಿಲ್ಲ.

ಜಲನಗರದಲ್ಲಿ ಒಬ್ಬರು ನಿವೃತ್ತ ಗಣಿತ ಮಾಸ್ತರರಿದ್ದಾರೆ. ಅವರ ಮನೆಯ ಗೇಟು ನಾನೇ ಮಾಡಿದ್ದು. ಅವರ ಕಡೆಗೆ ಹೋದೆ.

"ಗೇಟ್ ಕರಕರ ಅಂತದ ಅಂತ ಹೇಳಿ ಅರ್ಧ ವರ್ಷ ಆತು," ಎಂದರು. "ಇವತ್ತ ಬಿಡುವಾತೇನು?"

"ಅದನ್ನೂ ನೋಡ್ತೀನ್ರಿ ಸರ್. ಮೊದಲ ಒಂದ ಅಂಕಿ ನೋಡ್ರಿ."

ಅಂಕಿ ಕೇಳುತ್ತಲೇ ಅವರ ಮುಖ ಅರಳಿತು. "ಒಡದು ನೋಡೂನು. ಎರಡರಿಂದ ಹೋಗಂಗಿಲ್ಲ. ಮೂರು? ಒಂದು, ಎರಡು, ಏಳು ಕೂಡಿಸಿದ್ರ ಹತ್ತು, ಹೋಗಂಗಿಲ್ಲ. ಐದು ಇಲ್ಲ. ಏಳ ಹದಿನೆಂಟಲೆ ನೂರಾ ಇಪ್ಪತ್ತಾರು, ಒಂದು ಉಳೀತು. ಹನ್ನೊಂದ ಹನ್ನೊಂದಲೆ ನೂರಾ ಇಪ್ಪತ್ತೊಂದು, ಆರು ಉಳೀತು. ಮುಗೀತು."

"ಹದಿಮೂರು ನೋಡೂದಿಲ್ಲೇನ್ರಿ?"

"ಹದಿಮೂರ ಹದಿಮೂರಲೆ ನೂರಾ ಅರವತ್ತೊಂಬತ್ತು, ಅಂಕಿಗಿಂತ ದೊಡ್ಡದಾತಲ್ಲ. ಒಡಿಯೂದಿದ್ರ ಒಂದು ತುಂಡರೆ ಹನ್ನೊಂದರೊಳಗ ಬರಬೇಕಾಗಿತ್ತು. ಬರಲಿಲ್ಲ. ಇದು ಅವಿಭಾಜ್ಯ ಸಂಖ್ಯೆ. ಇದರ ಜೋಡಿ ನಿನ್ನ ಚೌಕಾಸಿ ನಡಿಯಂಗಿಲ್ಲ. ಸಣ್ಣ ಗೇರು ಎಷ್ಟರೆ ಜೋಡಸು, ಈ ಅಂಕಿ ಹುಟ್ಟಂಗಿಲ್ಲ."

ಅಷ್ಟಕ್ಕೇ ಬಿಡಲಿಲ್ಲ. ಎರಡನ್ನು ಏಳು ಸಲ ಇಟ್ಟು ಗುಣಿಸಿದರೆ ನೂರಾ ಇಪ್ಪತ್ತೆಂಟು, ಒಂದು ಕಳೆದರೆ ನಮ್ಮ ಅಂಕಿ. ಜಗತ್ತಿನಲ್ಲಿ ಈಗ ಕೋಟಿಗಟ್ಟಲೆ ಅಂಕಿಗಳ ಉದ್ದದ ಅವಿಭಾಜ್ಯ ಸಂಖ್ಯೆಗಳನ್ನು ಕಂಪ್ಯೂಟರಿನಲ್ಲಿ ಹುಡುಕುತ್ತಾರಂತೆ. ಅವುಗಳಲ್ಲಿ ಅತಿ ದೊಡ್ಡವು ಇದೇ ಮನೆತನದವಂತೆ. "ಇನ್ನೊಂದು ಕೇಳು. ಎರಡನ್ನ ನೂರಾ ಇಪ್ಪತ್ತೇಳು ಸಲ ಇಟ್ಟು ಗುಣಿಸಿ ಒಂದು ಕಳದ್ರ ಮತ್ತ ಅವಿಭಾಜ್ಯನ ಬರ್ತದ," ಎಂದು ಕ್ಯಾಲೆಂಡರಿನ ಹಿಂದೆ ನೆನಪಿನಿಂದ ಬರೆದರು: 170141183460469231731687303715884105727. ಮೂವತ್ತೊಂಬತ್ತು ಅಂಕಿ. ಕಂಪ್ಯೂಟರ್ ಬರುವ ಮೊದಲೇ ಒಬ್ಬರು ಕೈಯಿಂದ ಲೆಕ್ಕ ಮಾಡಿ ಇದು ಒಡೆಯುವುದಿಲ್ಲ ಎಂದು ಕಂಡುಕೊಂಡಿದ್ದರಂತೆ. ಅಷ್ಟು ತಾಳ್ಮೆಯ ಮನುಷ್ಯನ ಎದುರು ಕುಳಿತು ಬೆಲೆ ಇಳಿಸುವುದು ನನ್ನಿಂದಂತೂ ಆಗುತ್ತಿರಲಿಲ್ಲ.

ಹಾಗಾದರೆ ಗೇರನ್ನು ನಾನೇ ಕೊರೆಯಬೇಕು. ಪಕ್ಕದ ಶೆಡ್ಡಿನವರ ಹತ್ತಿರ ಹಲ್ಲು ಕೊರೆಯುವ ಮಿಲ್ಲಿಂಗ್ ಮಷಿನ್ನಿತ್ತು, ಸುತ್ತಿನ ಪಾಲು ಮಾಡುವ ಡಿವೈಡಿಂಗ್ ಹೆಡ್ಡೂ ಇತ್ತು. ಬಾಡಿಗೆ ಎಷ್ಟೆಂದು ಕೇಳಿದೆ. "ರವಿವಾರ ಹೆಂಗೂ ಖಾಲಿ ಇರ್ತದ, ತಗೋರಿ," ಎಂದರು. ಇಂದಿಗೂ ಅವರು ಬಾಡಿಗೆ ತೆಗೆದುಕೊಂಡಿಲ್ಲ. ಆದರೆ ಅಲ್ಲಿಯೂ ಅದೇ ಹಠ. ಹೆಡ್ಡಿನ ಹಿಡಿಕೆಯನ್ನು ನಲವತ್ತು ಸುತ್ತು ತಿರುಗಿಸಿದರೆ ಗೇರಾಗಬೇಕಾದ ಬಿಲ್ಲೆ ಒಂದು ಸುತ್ತು ತಿರುಗುತ್ತದೆ. ನೂರಾ ಇಪ್ಪತ್ತೇಳು ಹಲ್ಲು ಬೇಕೆಂದರೆ ಹಿಡಿಕೆಯ ಬದಿಯ ತಟ್ಟೆಯಲ್ಲಿ ನೂರಾ ಇಪ್ಪತ್ತೇಳು ತೂತು ಇರಲೇಬೇಕು, ನಲವತ್ತು ನಲವತ್ತು ತೂತು ಸರಿಸುತ್ತ ಹೋಗಬೇಕು. ಅವರ ತಟ್ಟೆಗಳಲ್ಲಿ ಹೆಚ್ಚೆಂದರೆ ನಲವತ್ತೊಂಬತ್ತು ತೂತು.

ಅಂಥ ತಟ್ಟೆಯನ್ನೂ ನಾನೇ ಮಾಡಲು ಬೇಕಲೈಟ್ ಹಲಗೆಯ ಮೇಲೆ ವೃತ್ತ ಬರೆದು ಕೈವಾರದಿಂದ ಹೆಜ್ಜೆ ಹಾಕಿದೆ. ನೂರಾ ಇಪ್ಪತ್ತೇಳು ಹೆಜ್ಜೆಯ ಕೊನೆಗೆ ಒಮ್ಮೆ ಬೆರಳಗಲ ಉಳಿಯಿತು, ಒಮ್ಮೆ ಅರ್ಧ ಬೆರಳು ದಾಟಿತು. ನೂರಾ ಇಪ್ಪತ್ತೆಂಟಾಗಿದ್ದರೆ ಅರ್ಧ, ಕಾಲು ಎಂದು ಮಡಚುತ್ತ ಹೋಗಬಹುದಿತ್ತು. ಇದನ್ನು ಎಲ್ಲಿಂದಲೂ ಮಡಚಲು ಬರುವುದಿಲ್ಲ. ಮೂರು ದಿನ ಇದರಲ್ಲೇ ಹೋಯಿತು.

ನಾಲ್ಕನೇ ದಿನ ಊಟಕ್ಕೆ ಮನೆಗೆ ಹೋದಾಗ ನನ್ನ ಹೆಂಡತಿ ಹೊಲಿಗೆ ಮಷಿನ್ನಿನ ಮುಂದೆ ಇದ್ದಳು. ಕುಬಸ ಹೊಲಿಯುತ್ತಾಳೆ, ಓಣಿಯಲ್ಲಿ ಹೆಸರಿದೆ. ನಾನು ಊಟದ ತಟ್ಟೆಯ ಮುಂದೆಯೂ ನೂರಾ ಇಪ್ಪತ್ತೇಳು ನೂರಾ ಇಪ್ಪತ್ತೇಳು ಎಂದು ಗೊಣಗುತ್ತಿದ್ದೆ.

"ಐವತ್ತ ಇಂಚಿಂದು ಯಾಕ ಹಂಗ ಜಪಾ ಮಾಡಾಕತ್ತೀರಿ?" ಎಂದಳು.

"ಯಾವ ಐವತ್ತ ಇಂಚು?"

ಕೊರಳಲ್ಲಿದ್ದ ಟೇಪು ತೆಗೆದು ಮುಂದೆ ಹಿಡಿದಳು. ಒಂದು ಬದಿಗೆ ಐವತ್ತು ಇಂಚು. ತಿರುಗಿಸಿದರೆ ಅದೇ ಜಾಗದಲ್ಲಿ ನೂರಾ ಇಪ್ಪತ್ತೇಳು ಸೆಂಟಿಮೀಟರು, ಗೆರೆಗೆ ಗೆರೆ ಕೂಡಿ. "ದಿನಾ ನೋಡ್ತೀನಿ ನಾ. ಇದಕ್ಕ ಮಾಸ್ತರನ ಮನಿತನಕ ಹೋಗಿದ್ರ್ಯಾ?"

ನಾನು ರೊಟ್ಟಿ ಬಿಟ್ಟು ಆ ಟೇಪನ್ನು ನೋಡುತ್ತ ಕುಳಿತೆ. ಟೇಪಿನ ಮೇಲೆ ನೂರಾ ಇಪ್ಪತ್ತೇಳಕ್ಕೆ ಯಾವ ಹಠವೂ ಇರಲಿಲ್ಲ. ನೂರಾ ಇಪ್ಪತ್ತಾರರ ಮುಂದಿನ ಗೆರೆ, ಅಷ್ಟೇ. ನಾನು ದುಂಡನೆಯದನ್ನು ಮೊದಲು ಇಟ್ಟುಕೊಂಡು ಪಾಲು ಮಾಡಲು ಹೊರಟಿದ್ದೆ. ಮೊದಲು ನೂರಾ ಇಪ್ಪತ್ತೇಳು ಗೆರೆ ಇರುವ ಪಟ್ಟಿ ಇಟ್ಟುಕೊಂಡು, ಅದು ಸರಿಯಾಗಿ ಸುತ್ತುವಷ್ಟು ದುಂಡು ಮಾಡಿದರೆ? ಪಾಲು ಮಾಡುವ ಕೆಲಸವನ್ನೇ ಬಿಟ್ಟುಬಿಡಬೇಕೆಂದು ಅಲ್ಲೇ ಗಟ್ಟಿ ಮಾಡಿಕೊಂಡೆ. ಈ ಕೆಲಸ ಹಾದಿಗೆ ಬಂದದ್ದು ಅಲ್ಲಿಂದ.

ಬಟ್ಟೆಯ ಟೇಪು ಜಗ್ಗುತ್ತದೆ ಎಂದು ಹೊಸ ಸ್ಟೀಲ್ ಟೇಪು ತಂದೆ. ಬೇಕಲೈಟ್ ಹಲಗೆಯನ್ನು ದುಂಡಗೆ ಕತ್ತರಿಸಿ ಲೇಥಿಗೆ ಕಟ್ಟಿ ಅಂಚು ಹೆರೆಯತೊಡಗಿದೆ. ಹೆರೆಯುವುದು, ನಿಲ್ಲಿಸುವುದು, ಟೇಪು ಸುತ್ತಿ ನೋಡುವುದು. ನಾನೂರ ಹತ್ತು ಮಿಲಿಮೀಟರಿನಿಂದ ಶುರುಮಾಡಿ ನಾನೂರ ನಾಲ್ಕರ ಹತ್ತಿರ ಬಂದಾಗ ಸೊನ್ನೆಯ ಗೆರೆಯೂ ನೂರಾ ಇಪ್ಪತ್ತೇಳರ ಗೆರೆಯೂ ಒಂದರ ಮೇಲೊಂದು ಕೂತವು. ಒಂದೊಂದು ಸೆಂಟಿಮೀಟರಿನ ಗೆರೆಯನ್ನೂ ಚೂಪಾದ ಚಾಕುವಿನಿಂದ ತಟ್ಟೆಯ ಅಂಚಿಗೆ ಇಳಿಸಿ, ಟೇಪು ಬಿಚ್ಚಿ, ಗೆರೆಗೊಂದರಂತೆ ತೂತು ಕೊರೆದೆ. ಕೈ ಕೆಲಸ, ಅಲ್ಲಲ್ಲಿ ಅಷ್ಟಿಷ್ಟು ಹೆಚ್ಚು ಕಡಿಮೆಯಾಗಿತ್ತು. ಅದಕ್ಕೆ ಹೆದರಬೇಕಿಲ್ಲ. ತಟ್ಟೆ ನಲವತ್ತು ಸುತ್ತಿದರೆ ಬಿಲ್ಲೆ ಒಂದು ಸುತ್ತುವುದರಿಂದ ತಟ್ಟೆಯ ತಪ್ಪು ಬಿಲ್ಲೆಗೆ ಬರುವಾಗ ನಲವತ್ತನೇ ಒಂದು ಪಾಲಾಗುತ್ತದೆ.

ಅಷ್ಟು ದೊಡ್ಡ ತಟ್ಟೆ ಟೇಬಲಿಗೆ ತಾಗುತ್ತಿತ್ತು, ಹೆಡ್ಡಿನ ಕೆಳಗೆ ಕಬ್ಬಿಣದ ದಿಮ್ಮಿ ಇಟ್ಟು ಎತ್ತರಿಸಿದೆ. ಹಿಡಿಕೆಯ ಶಾಫ್ಟಿಗೆ ತಟ್ಟೆ ಹಾಕಿ, ತೂತಿಗೆ ಕೂರುವ ಒಂದು ಮೊಳೆ ನಿಲ್ಲಿಸಿ, ಮಾಸ್ತರರಿಗೆ ಫೋನು ಮಾಡಿ ವಿವರ ಹೇಳಿದೆ. "ಭೇಷ್. ಪ್ರತಿ ತೂತಿಗೂ ಒಂದ ಸಲ ಹೋಗಿ, ನೂರಾ ಇಪ್ಪತ್ತೇಳನೇ ಸಲಕ್ಕ ಮೊದಲಿನ ತೂತಿಗೆ ತಿರುಗಿ ಬರಬೇಕು, ನೋಡ್ಕೊ," ಎಂದರು.

ರವಿವಾರ ಬೆಳಿಗ್ಗೆ ಶುರುಮಾಡಿದೆ. ನಲವತ್ತು ತೂತು ಎಣಿಸುವುದು, ಮೊಳೆ ಹಾಕುವುದು, ಬಿಗಿಯುವುದು, ಒಂದು ಹಲ್ಲು ಕೊರೆಯುವುದು. ಮತ್ತೆ ನಲವತ್ತು. ಮೊದಲ ಹಲ್ಲು ಕೊರೆದಾಗ ಮೊಳೆ ಇದ್ದ ತೂತಿಗೆ ಕೆಂಪು ಬಣ್ಣ ಹಚ್ಚಿದ್ದೆ. ಸಂಜೆ ಐದಕ್ಕೆ ನೂರಾ ಇಪ್ಪತ್ತೇಳನೆಯ ಎಣಿಕೆ ಮುಗಿದಾಗ ಮೊಳೆ ಸರಿಯಾಗಿ ಆ ಕೆಂಪು ತೂತಿನೊಳಗೇ ಇಳಿಯಿತು. ಕೈ ಮುಗಿದೆ. ಆಮೇಲೆ ಬಿಲ್ಲೆ ನೋಡಿದೆ. ಒಂದು ಕಡೆ ಮೂರು ಹಲ್ಲಿನಷ್ಟು ಜಾಗ ಬೋಳಾಗಿ ಉಳಿದಿತ್ತು.

ಮೊಳೆ ಮನೆಗೆ ಬಂದಿದೆ, ಗೇರು ಪೂರ್ತಿಯಾಗಿಲ್ಲ. ಇದೆಂಥ ಲೆಕ್ಕ? ಸೋಮವಾರ ಹಾಳಾದ ಬಿಲ್ಲೆಯನ್ನೂ ಗ್ರೀಸಿನ ಡಬ್ಬಿಯನ್ನೂ ಹಿಡಿದು ಜಲನಗರಕ್ಕೆ ಹೋದೆ. ಗೇಟಿಗೆ ಗ್ರೀಸು ಹಚ್ಚಿ ಒಳಗೆ ಹೋದೆ.

ಮಾಸ್ತರರು ಬಿಲ್ಲೆಯನ್ನು ತಿರುಗಿಸಿ ನೋಡಿದರು. "ನಲವತ್ತು ಹ್ಯಾಂಗ ಎಣಿಸ್ದಿ? ನನ್ನ ಮುಂದ ಎಣಿಸು."

ಟೇಬಲ್ಲಿನ ಅಂಚಿಗೆ ಬೆರಳಿಟ್ಟು ಶುರುಮಾಡಿದೆ: "ಲಾಭ, ಎರಡು, ಮೂರು..."

"ನಿಂದರು," ಎಂದರು.

ನಮ್ಮ ಕಡೆ ಜೋಳ ಅಳೆಯುವಾಗ ಮೊದಲ ಸೇರಿಗೆ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ. ನನಗೆ ಎಣಿಕೆ ಬಂದದ್ದು ಸಾಲಿಯಲ್ಲಿ ಅಲ್ಲ, ಅಡತಿ ಅಂಗಡಿಯಲ್ಲಿ ಹಮಾಲನಾಗಿದ್ದಾಗ. ಸೇರು ತುಂಬಿ ಕೈಯಲ್ಲಿದ್ದಾಗಲೇ ಲಾಭ ಎಂದು ಬಿಡುತ್ತೇವೆ. ಅದೇ ರೂಢಿಯಲ್ಲಿ ಮೊಳೆ ಈಗಾಗಲೇ ಕುಳಿತಿದ್ದ ತೂತಿನ ಮೇಲೆ ಬೆರಳಿಟ್ಟು ಲಾಭ ಎಂದಿದ್ದೆ. ನಲವತ್ತು ಎನ್ನುವಷ್ಟರಲ್ಲಿ ತಟ್ಟೆ ಸರಿದದ್ದು ಮೂವತ್ತೊಂಬತ್ತೇ ತೂತು. ಇಡೀ ದಿನ, ನೂರಾ ಇಪ್ಪತ್ತೇಳು ಸಲವೂ, ಒಂದು ಸಲವೂ ತಪ್ಪದೆ ಅದೇ ತಪ್ಪು.

"ಹಂಗಾದ್ರ ಮೊಳಿ ಕೆಂಪು ತೂತಿಗೆ ಹ್ಯಾಂಗ ಬಂತ್ರಿ ಸರ್?"

ಅವರು ನಕ್ಕದ್ದು ಆಗಲೇ. "ಅದ ಇದರ ಗುಣ. ಮೂವತ್ತೊಂಬತ್ತು ಜಿಗಿ, ನಲವತ್ತು ಜಿಗಿ, ಹದಿನೇಳು ಜಿಗಿ, ಇದು ಅವಿಭಾಜ್ಯ, ನಡುವ ಎಲ್ಲಿನೂ ಮನಿಗೆ ಬರಂಗಿಲ್ಲ. ಎಲ್ಲಾ ತೂತಿಗೂ ಒಮ್ಮೆ ಹೋಗೇ ನೂರಾ ಇಪ್ಪತ್ತೇಳನೇ ಜಿಗಿತಕ್ಕ ಬರೋದು. ನೂರಾ ಇಪ್ಪತ್ತು ತೂತಿದ್ದು ನಲವತ್ತು ಜಿಗದಿದ್ರ ಮೂರನೇದಕ್ಕ ಬರ್ತಿತ್ತು. ತಪ್ಪು ನಂದನೂ ಐತಿ. ನಾ ಹೇಳಿದ್ದು ಪರೀಕ್ಷಾನ ಅಲ್ಲ. ತಪ್ಪಿದ್ದವರನ್ನೂ ಪಾಸ್ ಮಾಡೋ ಪರೀಕ್ಷಾ ಏನ ಮಾಡಬೇಕು?"

ಹಾಗಾದರೆ ಸರಿಯಾದ ಪರೀಕ್ಷೆ ಹೇಗಿರುತ್ತದೆ ಎಂದು ಕೇಳಿದೆ. ಒಂದು ಅಂಕಿ ಒಡೆಯುತ್ತದೋ ಇಲ್ಲವೋ ನೋಡುವ ಪರೀಕ್ಷೆಯನ್ನೇ ಮಾದರಿಯಾಗಿ ತೋರಿಸಲು ನನ್ನ ಕೈಗೇ ಪೆನ್ನು ಕೊಟ್ಟರು. ನಾಲ್ಕರಿಂದ ಶುರುಮಾಡಬೇಕು. ಇದ್ದ ಅಂಕಿಯನ್ನು ಅದರಿಂದಲೇ ಗುಣಿಸಿ, ಎರಡು ಕಳೆದು, ನೂರಾ ಇಪ್ಪತ್ತೇಳರಿಂದ ಭಾಗಿಸಿ, ಉಳಿದದ್ದನ್ನು ಇಟ್ಟುಕೊಳ್ಳಬೇಕು. ನಾಲ್ಕರಿಂದ ಹದಿನಾಲ್ಕು ಬಂತು. ಹದಿನಾಲ್ಕರಿಂದ ಅರವತ್ತೇಳು. ಆಮೇಲೆ ನಲವತ್ತೆರಡು. ಆಮೇಲೆ ನೂರಾ ಹನ್ನೊಂದು. ಐದನೆಯ ಸಲ ನೂರಾ ಹನ್ನೊಂದನ್ನು ನೂರಾ ಹನ್ನೊಂದರಿಂದ ಗುಣಿಸಿ ಎರಡು ಕಳೆದರೆ ಹನ್ನೆರಡು ಸಾವಿರದ ಮುನ್ನೂರಾ ಹತ್ತೊಂಬತ್ತು. ಭಾಗಿಸಿದೆ. ಉಳಿದದ್ದು ಸೊನ್ನೆ. "ಈ ಮನೆತನದ ಸಂಖ್ಯೆ ಒಡಿಯುವಂಥದ್ದಾಗಿದ್ರ ಈ ಸೊನ್ನಿ ಬರ್ತಿದ್ದಿಲ್ಲ," ಎಂದರು. "ಆ ಮೂವತ್ತೊಂಬತ್ತು ಅಂಕಿಯ ಸಂಖ್ಯೆಗೂ ಇದ ಪರೀಕ್ಷಾ. ಅದಕ್ಕ ಐದು ಸಲ ಅಲ್ಲ, ನೂರಾ ಇಪ್ಪತ್ತೈದು ಸಲ." ಹತ್ತು ವರ್ಷದಿಂದ ಲೆಕ್ಕ ಮಾಡಿ ಜನರನ್ನು ಸೋಲಿಸಿದ್ದೇನೆ. ಲೆಕ್ಕವೊಂದು ನನ್ನ ಕೈಯಲ್ಲೇ ನಡೆದು ಸೊನ್ನೆಗೆ ಬಂದು ನಿಂತ ಸುಖವನ್ನು ಆ ದಿನ ಮೊದಲ ಸಲ ಕಂಡೆ. ಅದಕ್ಕೆ ಅವರಿಗೆ ಋಣಿ.

ತೂತುಗಳಿಗೆ ಸೊನ್ನೆಯಿಂದ ನೂರಾ ಇಪ್ಪತ್ತಾರರವರೆಗೆ ನಂಬರು ಬರೆಯಲು ಹೇಳಿದರು. ನಿಲ್ಲಬೇಕಾದ ತೂತುಗಳ ಪಟ್ಟಿಯನ್ನು ಅವರೇ ಬರೆದುಕೊಟ್ಟರು: ಸೊನ್ನೆ, ನಲವತ್ತು, ಎಂಬತ್ತು, ನೂರಾ ಇಪ್ಪತ್ತು, ಮೂವತ್ತಮೂರು, ಎಪ್ಪತ್ತಮೂರು, ಹೀಗೆ. ಪಟ್ಟಿಯಲ್ಲಿ ಒಂದು ನಂಬರು ಎರಡು ಸಲ ಬರುವುದಿಲ್ಲ, ಒಂದೂ ಬಿಡುವುದಿಲ್ಲ. ಕೊನೆಯದು ಎಂಬತ್ತೇಳು, ಅದರ ಮುಂದೆ ಸೊನ್ನೆ. ಮೂವತ್ತೊಂಬತ್ತು ಜಿಗಿದಿದ್ದರೆ ಮೊದಲ ಹೆಜ್ಜೆಯಲ್ಲೇ ಸಿಕ್ಕಿಬೀಳುತ್ತಿದ್ದೆ.

ಬೀಡಿನ ಎರಡನೇ ಬಿಲ್ಲೆ ಬರಲು ಮೂರು ದಿನ ಹೋಯಿತು. ಮಾಲು ಬರಲು ನಾಲ್ಕೇ ದಿನ ಉಳಿದಿತ್ತು, ರವಿವಾರದತನಕ ಕಾಯುವಂತಿರಲಿಲ್ಲ. ಪಕ್ಕದ ಶೆಡ್ಡಿನವರು ತಮ್ಮ ಕೆಲಸ ನಿಲ್ಲಿಸಿ ಗುರುವಾರವೇ ಮಷಿನ್ನು ಬಿಟ್ಟುಕೊಟ್ಟರು. ಹೆಂಡತಿ ಹೊಲಿಗೆ ಬಿಟ್ಟು ಬಂದು ಸ್ಟೂಲಿನ ಮೇಲೆ ಕುಳಿತು ಪಟ್ಟಿ ಓದಿದಳು. ಅವಳು ನಂಬರು ಹೇಳುವುದು, ನಾನು ತಟ್ಟೆ ತಿರುಗಿಸಿ ಆ ನಂಬರನ್ನು ತಿರುಗಿ ಹೇಳುವುದು, ಅವಳು ಗೀಟು ಹಾಕುವುದು. ಮೊದಲ ಸುತ್ತು ಹಲ್ಲು ಕೊರೆಯಲೇ ಇಲ್ಲ, ಉಗುರಿನಿಂದ ಗೀರಿದಷ್ಟೇ ಗುರುತು ಹಾಕಿದೆ. ಎಂಬತ್ತೇಳರ ಗೀರು ಬಂದು ಮೊದಲ ಗೀರಿನ ಪಕ್ಕ ಉಳಿದವುಗಳಷ್ಟೇ ದೂರದಲ್ಲಿ ನಿಂತಿತು. ಆಮೇಲೆ ಎರಡನೇ ಸುತ್ತು, ಪೂರ್ತಿ ಆಳಕ್ಕೆ.

"ಕುಬಸದ ತೋಳಿಗೆ ಇಷ್ಟ ಸಲ ಅಳತಿ ತಗೊಂಡಿದ್ರ ಗಿರಾಕಿ ಓಡಿಹೋಗ್ತಿದ್ರು," ಎಂದಳು. ಪಟ್ಟಿಯ ಮೇಲಿನ ಕಣ್ಣು ಮಾತ್ರ ತೆಗೆಯಲಿಲ್ಲ.

ಗೇರು ಲೇಥಿಗೆ ಕೂತಿತು. ಹೊಸ ರಾಡು ಹಾಕಿ ಸ್ಕ್ರೂ ಶುರುಮಾಡಿದೆ. ಇಲ್ಲಿ ಇನ್ನೊಂದು ಹಳ್ಳವಿದೆ. ಇಂಚಿನ ಕೆಲಸದಲ್ಲಿ ಒಂದು ಸಲ ಹೊಡೆದು, ಟೂಲನ್ನು ಒಯ್ಯುವ ಲೇಥಿನ ನಟ್ಟು ಬಿಚ್ಚಿ, ಟೂಲನ್ನು ಕೈಯಿಂದ ಹಿಂದಕ್ಕೆ ತಂದು, ಮತ್ತೆ ಹಿಡಿಸುತ್ತೇವೆ. ಇಂಚಿನ ಲೇಥಿನಲ್ಲಿ ಮೆಟ್ರಿಕ್ ಹೊಡೆಯುವಾಗ ಹಾಗೆ ಬಿಚ್ಚಿದರೆ ಮುಂದಿನ ಸಲ ಟೂಲು ಅದೇ ಗೆರೆಗೆ ಬೀಳುವುದಿಲ್ಲ. ಅದಕ್ಕಾಗಿ ಒಮ್ಮೆಯೂ ಬಿಚ್ಚದೆ, ಮಷಿನ್ನನ್ನೇ ಉಲ್ಟಾ ತಿರುಗಿಸಿ ಐದೂವರೆ ಅಡಿ ಹಿಂದಕ್ಕೆ ತರಬೇಕು. ಮೂವತ್ತಕ್ಕೂ ಹೆಚ್ಚು ಸಲ ಹೋಗಿ ಬಂದೆ, ಎರಡು ದಿನ. ಈ ಸಲ ನಟ್ಟು ಹೊಸದು ಮಾಡಲಿಲ್ಲ. ಅವರ ಹಳೆಯ ನಟ್ಟೇ ಈ ತುದಿಯಿಂದ ಆ ತುದಿಗೆ ಬೆರಳಿನಲ್ಲಿ ತಿರುಗಿಸಿದರೆ ಹೋಯಿತು.

ತಿಕೋಟಾದಲ್ಲಿ ಸ್ಕ್ರೂ ಕೂರಿಸಿ, ಚೈನಿಗೆ ಹೊಸ ಕೊಂಡಿ ಹಾಕಿದ ಮೇಲೆ ಮತ್ತೆ ಎಲ್ಲರೂ ಬಂದು ನಿಂತರು. ಈ ಸಲ ಖಾಲಿ ಕ್ರೇಟು ಬೇಡ ಎಂದರು ಆ ಅಕ್ಕ. ಕಲ್ಲು ತುಂಬಿದ ಕ್ರೇಟು ಪೇರಿಸಿದೆವು. ಟೊಂಕ ಮುರಿದುಕೊಂಡಿದ್ದಾಕೆ ಕೋಲೂರಿಕೊಂಡು ಎದ್ದು ಬಂದು, ನಾನು ಸ್ಕ್ರೂ ಹಾಕಿದ ಮೂಲೆಯಲ್ಲಿ ಹಲಗೆಯ ಮೇಲೆ ಒಂದು ತಂಬಿಗೆ ಇಟ್ಟಳು. ಕಂಠಮಟ ನೀರು.

"ಏನಬೇ ಇದು?" ಎಂದೆ.

"ನಿಮ್ಮ ಟೇಪು ಗೀಪು ನನಗ ತಿಳಿಯಂಗಿಲ್ಲ. ಇದು ತಿಳೀತದ."

ಸ್ವಿಚ್ ಹಾಕಿದೆ. ಮೊಣಕಾಲು, ಸೊಂಟ, ಎದೆ. ಹೋದ ಸಲ ಚೈನು ಹಾರಿದ ಎತ್ತರ ದಾಟಿತು. ತಲೆಯ ಮೇಲಕ್ಕೆ ಹೋಗಿ ಮಷಿನ್ನಿನ ಬಾಯಿಯ ಮಟ್ಟಕ್ಕೆ ನಿಂತಿತು. ತಂಬಿಗೆ ಈಗ ಕಾಣುತ್ತಿರಲಿಲ್ಲ. ಅಕ್ಕ ನಿಚ್ಚಣಿಕೆ ಹತ್ತಿ ನೋಡಿದರು. "ಚೆಲ್ಲಿಲ್ಲ," ಎಂದರು. ಇಳಿದು ಬಂದು ನಿಚ್ಚಣಿಕೆಯನ್ನು ತಾವೇ ಹೊತ್ತು ಶೆಡ್ಡಿನ ಹೊರಗೆ ಗೋಡೆಗೆ ಒರಗಿಸಿ ಬಂದರು. ಸೋಮವಾರ ಮೊದಲ ಮಾಲು ಬಂತು. ಎಂಟೂ ಮಂದಿ ಕೆಲಸಕ್ಕೆ ಬಂದರು. ಒಬ್ಬಳು ಕುಳಿತು ತೊಟ್ಟು ಆರಿಸುತ್ತಾಳೆ, ಲಿಫ್ಟಿನ ಸ್ವಿಚ್ಚೂ ಅವಳ ಕೈಗೇ ಕೊಟ್ಟಿದ್ದಾರೆ.

ನಾನು ಒಂದು ಸ್ಕ್ರೂವಿನ ರೊಕ್ಕವನ್ನಷ್ಟೇ ತೆಗೆದುಕೊಂಡೆ. ಕೆಟ್ಟುಹೋದ ಮೊದಲ ಸ್ಕ್ರೂ ನನ್ನ ದುರಾಸೆಯ ಖಾತೆಗೆ.

ಈ ದಾರಿಯಲ್ಲಿ ಬರುವವರಿಗೆ ನನ್ನದು ನಾಲ್ಕು ಮಾತು. ಹಳೆಯ ಲೇಥು ಕೊಳ್ಳುವಾಗ ಬೆಲೆ ಆಮೇಲೆ, ಮೊದಲು ಗೇರು ಎಣಿಸಿ. ನೂರಾ ಇಪ್ಪತ್ತೇಳು ಇದ್ದರೆ ಮಾಲೀಕರು ಹೇಳಿದ್ದಕ್ಕಿಂತ ಸ್ವಲ್ಪ ಹೆಚ್ಚೇ ಕೊಡಿ. ಗಿಡ್ಡ ಬೋಲ್ಟಿನ ಕೆಲಸವಾದರೆ ಅರವತ್ತಮೂರು ಹಲ್ಲಿನ ಗೇರಿನಿಂದಲೂ ಬಹಳ ಹತ್ತಿರ ಹೋಗಬಹುದು, ಹಳೆಯ ಟರ್ನರ್‌ಗಳನ್ನು ಕೇಳಿ ನೋಡಿ. ಆದರೆ ಬೇರೆ ಸ್ಕ್ರೂಗಳ ಜೊತೆ ಹೆಜ್ಜೆ ಹಾಕಬೇಕಾದ ಉದ್ದದ ಸ್ಕ್ರೂ ಆದರೆ ಹತ್ತಿರ ಎಂಬ ಮಾತು ಹಿಡಿಯುವ ಮೊದಲು ಪೂರ್ತಿ ಉದ್ದಕ್ಕೆ ಗುಣಿಸಿ ನೋಡಿ. ತಟ್ಟೆ ಬೇಕಾದವರು ನನ್ನಲ್ಲಿಗೆ ಬನ್ನಿ, ಬಾಡಿಗೆ ಇಲ್ಲ, ಪಟ್ಟಿಯ ಝೆರಾಕ್ಸೂ ಕೊಡುತ್ತೇನೆ. ಬಾಯಲ್ಲಿ ಎಣಿಸಬೇಡಿ, ಇನ್ನೊಬ್ಬರನ್ನು ಕೂರಿಸಿಕೊಂಡು ಓದಿಸಿ, ಅವರಿಗೆ ಹೊತ್ತಿಗೆ ಸರಿಯಾಗಿ ಊಟ ಹಾಕಿ. ಮೊದಲ ಸುತ್ತು ಗೀರಷ್ಟೇ. ಕೊನೆಯ ಗೀರು ಮೊದಲ ಗೀರಿನ ಪಕ್ಕ ಸರಿಯಾಗಿ ನಿಂತಿದೆಯೋ ಬಿಸಿಲಿಗೆ ಹಿಡಿದು ನೋಡಿ. ನಿಂತಿದ್ದರೆ ಹೊರಗೆ ಹೋಗಿ ಒಂದು ಚಹಾ ಕುಡಿದು ಬನ್ನಿ, ಆಮೇಲೆ ಹಲ್ಲು ಕೊರೆಯಿರಿ.